ವರ್ಜೀನಿಯದ ಹೊಗೆಸೊಪ್ಪು, ರಾಯದುರ್ಗದ ಕಂದಾಯ

— ಮನ್ರೋ ಸಾಹೇಬನನ್ನು ನಮ್ಮ ಸೀಮೆಗೆ ಕಳಿಸಿದವರು ಯಾರು ಸರ್, ನಿಮ್ಮ ಲೆಕ್ಕದಲ್ಲಿ?

— ಇದೇನು ಪ್ರಶ್ನೆ ಮೇಡಂ? ಈಸ್ಟ್ ಇಂಡಿಯಾ ಕಂಪನಿ ಕಳಿಸಿತು. 1800ರ ಅಕ್ಟೋಬರಿನಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಕಂಪನಿಗೆ ಬರೆದುಕೊಟ್ಟ. ಟಿಪ್ಪುವಿನ ಮೇಲಿನ ಎರಡು ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದಿದ್ದ ನೆಲವನ್ನೇ ಕಂಪನಿಯ ಸೈನ್ಯದ ಖರ್ಚಿಗೆಂದು ಕೊಟ್ಟುಬಿಟ್ಟ. ದತ್ತ ಮಂಡಲ ಎನ್ನುವುದು ಅದನ್ನೇ. ಅದಕ್ಕೆ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ. ಅನಂತಪುರದಲ್ಲಿ ಠಾಣೆ, 1807ರವರೆಗೆ ಏಳು ವರ್ಷ. ನಮ್ಮ ರಾಯದುರ್ಗ, ನಿಮ್ಮ ಮಡಕಶಿರ ಎರಡೂ ಅವನ ಕೈಕೆಳಗೆ ಬಂದವು. ಕಂದಾಯ ಇಲಾಖೆಯಲ್ಲಿ ಜೀವ ಸವೆಸಿದವನಿಗೆ ಇದನ್ನು ಕೇಳುತ್ತೀರಲ್ಲ!

— ಅದು ನೇಮಕದ ಆದೇಶ. ನಾನು ಕೇಳುತ್ತಿರುವುದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನದು. ಗ್ಲಾಸ್ಗೋದ ಒಬ್ಬ ವ್ಯಾಪಾರಿಯ ಮಗ, ಸ್ಪ್ಯಾನಿಷ್ ಕಲಿತು ಡಾನ್ ಕ್ವಿಕ್ಸೋಟ್ ಓದುತ್ತಿದ್ದ ಹುಡುಗ, ಹದಿನೆಂಟನೆಯ ವಯಸ್ಸಿನಲ್ಲಿ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದದ್ದೇಕೆ? ಅವನನ್ನು ಕಳಿಸಿದವರು ಅಮೆರಿಕದ ಕ್ರಾಂತಿಕಾರರು ಅಂತ ನಾನು ಹೇಳುತ್ತೇನೆ.

— ಬಿಡಿಸಿ ಹೇಳಿ.

— ಮನ್ರೋನ ಅಪ್ಪ ಅಲೆಕ್ಸಾಂಡರ್ ಮನ್ರೋ ವರ್ಜೀನಿಯದ ಜೊತೆ ವ್ಯಾಪಾರ ಮಾಡುತ್ತಿದ್ದವನು. ಆ ಕಾಲದಲ್ಲಿ ಗ್ಲಾಸ್ಗೋ ಎಂದರೆ ಹೊಗೆಸೊಪ್ಪು. ಅಟ್ಲಾಂಟಿಕ್ ದಾಟಿ ಬಂದ ಎಲೆ ಅಲ್ಲಿಂದ ಯುರೋಪಿಗೆಲ್ಲ ಹೋಗುತ್ತಿತ್ತು. ವರ್ಜೀನಿಯದ ಜಮೀನ್ದಾರರು ಬೆಳೆ ಮೇಲೆ ಮುಂಗಡ ಸಾಲ ಎತ್ತುವರು, ಗ್ಲಾಸ್ಗೋದ ವ್ಯಾಪಾರಿಗಳು ಕೊಡುವರು. 1775ರಲ್ಲಿ ಯುದ್ಧ ಹತ್ತಿತು, ಮರುವರ್ಷ ಸ್ವಾತಂತ್ರ್ಯ ಘೋಷಣೆ. ವ್ಯಾಪಾರ ನಿಂತಿತು, ಸಾಲ ಮುಳುಗಿತು, ಅಲೆಕ್ಸಾಂಡರ್ ಮನ್ರೋ ದಿವಾಳಿಯಾದ. ಮಕ್ಕಳು ಹೊಟ್ಟೆಪಾಡಿಗೆ ದಾರಿ ನೋಡಿಕೊಳ್ಳಬೇಕಾಯಿತು. ಥಾಮಸ್ 1780ರ ಜನವರಿಯಲ್ಲಿ ಮದ್ರಾಸಿನ ದಡ ಹತ್ತಿದ. ಅಲ್ಲಿ ಆ ಘೋಷಣೆ ಬರೆಯಲು ಜೆಫರ್ಸನ್ ಲೇಖನಿ ಎತ್ತದೆ ಹೋಗಿದ್ದರೆ ಇಲ್ಲಿ ನಮ್ಮ ಹೊಲಗಳಿಗೆ ಬೇರೆ ಯಾರೋ ಅಳತೆಯ ಸರಪಳಿ ಹಿಡಿಯುತ್ತಿದ್ದರು.

— ಸರಿ, ಹಾಗಾದರೆ ನಾನೂ ಒಂದು ಎಳೆ ಸೇರಿಸುತ್ತೇನೆ. ಮನ್ರೋ ಬಂದ ವರ್ಷವೇ ಹೈದರ್ ಅಲಿ ಘಾಟಿ ಇಳಿದು ಕರ್ನಾಟಿಕ್ ಮೇಲೆ ಬಿದ್ದದ್ದು. ಅದಕ್ಕೂ ಕಾರಣ ಅಮೆರಿಕವೇ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪಕ್ಷ ವಹಿಸಿತು. ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಹತ್ತಿಕೊಂಡ ಬೆಂಕಿ ಇಲ್ಲಿಗೂ ಬಂತು. ಇಂಗ್ಲಿಷರು ಪಾಂಡಿಚೇರಿ ಹಿಡಿದರು, 1779ರಲ್ಲಿ ಮಾಹೆ ಹಿಡಿದರು. ಮಾಹೆಯ ಬಂದರಿನಿಂದಲೇ ಹೈದರನಿಗೆ ಫ್ರೆಂಚರ ಸಾಮಾನು ಬರುತ್ತಿದ್ದದ್ದು. ಮುಟ್ಟಬೇಡಿ ಎಂದ, ಮುಟ್ಟಿದರು. ಮುಂದಿನ ವರ್ಷ ಪೊಳ್ಳಿಲೂರಿನ ಯುದ್ಧ. ಆಗ ನಮ್ಮ ಸೀಮೆ ಹೈದರನದು. ಗುತ್ತಿಯ ಮರಾಠಾ ಸರದಾರ ಮುರಾರಿರಾಯನನ್ನು 1776ರ ಹೊತ್ತಿಗೆ ಮುರಿದು ಹಾಕಿದ್ದ. ಅಮೆರಿಕದವರು ಘೋಷಣೆ ಬರೆದ ವರ್ಷವೇ ನೋಡಿ. ರಾಯದುರ್ಗದ ಪಾಳೆಯಗಾರ ಅವನಿಗೆ ಕಪ್ಪ ಕಟ್ಟಿಕೊಂಡು, ಕುದುರೆ ಕಾಲಾಳು ಕೊಟ್ಟುಕೊಂಡು ಉಳಿದಿದ್ದ.

— ಅಮೆರಿಕದವರಿಗೂ ಹೈದರನ ಹೆಸರು ಗೊತ್ತಿತ್ತು ಸರ್. ಪೆನ್ಸಿಲ್ವೇನಿಯದ ಒಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ನಾಯಕ ಆ ‘ಹೈದರ್ ಅಲಿ’ ಹಡಗಿನಿಂದ ಇಂಗ್ಲಿಷರ ‘ಜನರಲ್ ಮಾಂಕ್’ ಹಡಗನ್ನು ಸೆರೆ ಹಿಡಿದ. ಸ್ವತಃ ಹೈದರ್ ಆಗ ಇನ್ನೂ ಬದುಕಿದ್ದ. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ. ಆ ಸುದ್ದಿ ಅವನ ಕಿವಿಗೆ ಬಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ ನನಗೆ.

— ಸಮುದ್ರ ನೋಡದ ನಾಡು ಇದು. ಹಡಗಿನ ಮಾತು ಹಾಗಿರಲಿ, ಚಹದ ಕತೆ ಬಿಟ್ಟಿರಲ್ಲ?

— ಅದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಂಪನಿಯ ಗೋದಾಮಿನಲ್ಲಿ ಚಹ ಕೊಳೆಯುತ್ತಿತ್ತು, ಬೊಕ್ಕಸ ಬರಿದಾಗಿತ್ತು. 1773ರಲ್ಲಿ ಪಾರ್ಲಿಮೆಂಟು ಆ ಚಹವನ್ನು ಅಮೆರಿಕದವರ ತಲೆಗೆ ಕಟ್ಟಲು ಹೊರಟಿತು. ಪೌಂಡಿಗೆ ಮೂರು ಪೆನ್ನಿ ಸುಂಕ. ಬಾಸ್ಟನ್ನಿನಲ್ಲಿ 342 ಪೆಟ್ಟಿಗೆ ನೀರು ಪಾಲಾಯಿತು. ಆದರೆ ಕಂಪನಿ ಬಡವಾದದ್ದು ಹೇಗೆ ಅನ್ನುವ ಕಡೆ ಪುಸ್ತಕಗಳು ನಮ್ಮತ್ತ ತಿರುಗಿ ನೋಡುವುದಿಲ್ಲ. ಬಂಗಾಳದಲ್ಲಿ 1770ರ ಬರ. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಬಂದು ನಿಂತಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಧಡಾರನೆ ಬಿದ್ದಿತ್ತು. ಅಮೆರಿಕದ ಬರಹಗಾರರಿಗೆ ಇದೆಲ್ಲ ತಿಳಿದಿತ್ತು. ಕಂಪನಿ ಏಷ್ಯಾದಲ್ಲಿ ನಡೆದುಕೊಂಡ ರೀತಿಯನ್ನೇ ಮುಂದಿಟ್ಟು, ನಾಳೆ ನಮ್ಮ ಗತಿಯೂ ಇದೇ ಎಂದು ಫಿಲಡೆಲ್ಫಿಯದ ಜಾನ್ ಡಿಕಿನ್‌ಸನ್ ಜನರನ್ನು ಎಚ್ಚರಿಸಿದ. ಥಾಮಸ್ ಪೇನ್ 1775ರಲ್ಲಿ, ಬಂಗಾಳವನ್ನು ಕಂಪನಿಗೆ ಗೆದ್ದುಕೊಟ್ಟ ಕ್ಲೈವನ ಸಾವಿನ ಬಗ್ಗೆಯೇ ಬರೆದ. ನಮ್ಮ ಸಂಕಟ ಅವರ ವಾದಕ್ಕೆ ಸಾಕ್ಷಿಯಾಯಿತು, ಅವರ ವಾದ ಮಾತ್ರ ನಮ್ಮ ಕಡೆಗೆ ಬರಲು ಬಹಳ ಕಾಲ ಹಿಡಿಯಿತು.

— ಬರಲೇ ಇಲ್ಲ ಅನ್ನುವ ಹಾಗಿಲ್ಲ. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಐದೇ ವರ್ಷಕ್ಕೆ ಇಲ್ಲಿ ಗವರ್ನರ್ ಜನರಲ್. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, ಮರುವರ್ಷ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಅಮೆರಿಕದಲ್ಲಿ ಕಳೆದದ್ದನ್ನು ಇಲ್ಲಿ ತುಂಬಿಕೊಂಡ.

— ಸೋತವರು ಬಂದರು ಸರ್, ಸೋಲಿಸಿದ ವಿಚಾರ ಬರಲಿಲ್ಲ. ಎರಡೂ ಬೇರೆ.

— ಈ ಮಾತು ಮನ್ರೋಗೆ ಒಪ್ಪುವುದಿಲ್ಲ, ಅದನ್ನು ನಾನು ಬಿಟ್ಟುಕೊಡುವುದೂ ಇಲ್ಲ. ಕಾರ್ನ್‌ವಾಲಿಸ್ ಬಂಗಾಳದಲ್ಲಿ 1793ರಲ್ಲಿ ಜಮೀನ್ದಾರರನ್ನು ತಲೆ ಮೇಲೆ ಕೂರಿಸಿದ. ಅದನ್ನೇ ಇಲ್ಲಿಗೂ ತರಬೇಕೆಂದು ಮದ್ರಾಸಿನವರು ಕುಣಿಯುತ್ತಿದ್ದರು. ಅಡ್ಡ ನಿಂತವನು ಮನ್ರೋ. ಸರ್ಕಾರಕ್ಕೂ ರೈತನಿಗೂ ನಡುವೆ ಯಾರೂ ಬೇಡ ಎಂದ, ಅದೇ ರೈತವಾರಿ. ಎಂಬತ್ತು ಪಾಳೆಯಗಾರರಿದ್ದ ಸೀಮೆ ಇದು. ಒಬ್ಬೊಬ್ಬನೂ ಕೋಟೆ ಕಟ್ಟಿಕೊಂಡು ಕುಳಿತಿದ್ದ. ರತ್ನಗಿರಿ ನಿಮ್ಮ ತಾಲ್ಲೂಕಿನದೇ ಅಲ್ಲವೇ? ಅವರನ್ನೆಲ್ಲ ಅಡಗಿಸಿ, ಹೊಲ ಹೊಲ ಅಳೆಸಿ, ಪ್ರತಿ ಹೊಲಕ್ಕೆ ಸಂಖ್ಯೆ, ಪ್ರತಿ ರೈತನಿಗೆ ಪಟ್ಟಾ. ಬಂಗಲೆಯಲ್ಲಿ ಕೂತು ಮಾಡಿದ್ದಲ್ಲ ಅದು. ಡೇರೆ ಹಾಕಿಕೊಂಡು ಊರೂರು ತಿರುಗಿ, ಚಾವಡಿಯಲ್ಲಿ ರೈತರ ಜೊತೆ ಕೂತು ಮಾಡಿದ್ದು. ನಾನು ನೌಕರಿಯಲ್ಲಿದ್ದಾಗ ಬೆಳೆಯ ಲೆಕ್ಕದ ಅಡಂಗಲ್ ಪುಸ್ತಕ ತೆರೆದಾಗಲೆಲ್ಲ ಇದರ ಬೇರು ಎಲ್ಲಿದೆ ಎಂದು ನೆನೆಯುತ್ತಿದ್ದೆ. ನಿಮ್ಮ ಜೆಫರ್ಸನ್ ಬಯಸಿದ್ದೂ ಇದನ್ನೇ ಅಲ್ಲವೇ? ತನ್ನ ನೆಲ ತಾನೇ ಉಳುವ ಸಣ್ಣ ರೈತ, ಯಾರ ಹಂಗೂ ಇಲ್ಲದವನು?

— ಹತ್ತಿರದ ಮಾತು, ಒಪ್ಪುತ್ತೇನೆ. ಆದರೆ ದೇಶದ ಹೊರೆ ಆ ಸಣ್ಣ ರೈತನ ಮೇಲೇ ನಿಲ್ಲಬೇಕು, ಅವನ ಮತದ ಮೇಲೆ ನಿಲ್ಲಬೇಕು ಅಂತ ಜೆಫರ್ಸನ್ ಎಣಿಸಿದ. ಮನ್ರೋ ಹೊಲ ಕೊಟ್ಟ, ಮತ ಕೊಡಲಿಲ್ಲ.

— 1800ರಲ್ಲಿ ಯಾರು ಯಾರಿಗೆ ಮತ ಕೊಟ್ಟರು ಮೇಡಂ? ಇಂಗ್ಲೆಂಡಿನ ಬಹುಪಾಲು ರೈತರಿಗೇ ಇರಲಿಲ್ಲ.

— ನಿಜ. ಹಾಗಾದರೆ ಮನ್ರೋನ ಕೆಲಸವನ್ನೇ ತೂಗೋಣ. ಇಲ್ಲಿನ ಕಂದಾಯ ಫಸಲಿನ ಎಷ್ಟು ಭಾಗವಾಗಿತ್ತು?

— ಸರ್ವೆಯ ಲೆಕ್ಕದಲ್ಲಿ ಒಟ್ಟು ಹುಟ್ಟುವಳಿಯ ನೂರಕ್ಕೆ 45.

— ಬಾಸ್ಟನ್ನಿನವರು ಪೌಂಡು ಚಹಕ್ಕೆ ಮೂರು ಪೆನ್ನಿ ಕೊಡುವುದಿಲ್ಲವೆಂದು ದಂಗೆ ಎದ್ದರು. ರಾಯದುರ್ಗದ ರೈತ ಸೇರಿಗೆ ಅರ್ಧ ಸೇರಿನಷ್ಟು ಕೊಟ್ಟ. ಅದೂ ಎಂಥ ನೆಲ? ಮೂರು ವರ್ಷಕ್ಕೊಮ್ಮೆ ಮುಂಗಾರು ಕೈಕೊಡುವ ಎರೆ, ಮಸಬು, ಹಗರಿಯ ಮರಳು ಉಕ್ಕಿ ಬರುವ ಕಣೇಕಲ್ಲಿನ ಹೊಲಗಳು. ಏಳು ವರ್ಷದಲ್ಲಿ ಮನ್ರೋ ದತ್ತ ಮಂಡಲದ ಕಂದಾಯವನ್ನು ಅರ್ಧದಷ್ಟು ಏರಿಸಿದ. ನಡುವೆ 1803-04ರಲ್ಲಿ ಬರವೂ ಬಂದುಹೋಗಿತ್ತು.

— ನಿಲ್ಲಿ, ನಿಲ್ಲಿ. ಕಂದಾಯ ಹೆಚ್ಚಾಯಿತೆಂದು ಮೊದಲು ಹೇಳಿದವನೂ ಅವನೇ. 1807ರ ಆಗಸ್ಟಿನ ವರದಿ. ಎಲ್ಲ ಹೊಲಗಳ ಮೇಲೂ ಕಾಲು ಭಾಗ ಇಳಿಸಿ, ನೀರಾವರಿಗೆ ಇನ್ನೂ ಸ್ವಲ್ಪ ಇಳಿಸಿ, ಮೂರರಲ್ಲೊಂದು ಪಾಲಿಗೆ ನಿಲ್ಲಿಸಿ ಎಂದ. ತಾನೇ ಹಾಕಿದ ಲೆಕ್ಕವನ್ನು ತಾನೇ ತಿದ್ದುವ ಎದೆಗಾರಿಕೆ ಎಷ್ಟು ಅಧಿಕಾರಿಗಳಿಗಿದೆ?

— ಆ ಗೌರವ ನನಗೂ ಇದೆ ಸರ್. ಆಮೇಲೆ ಏನಾಯಿತು, ನೀವೇ ಹೇಳಿ.

— ಅವನು ರಜೆ ಮೇಲೆ ವಿಲಾಯಿತಿಗೆ ಹೋದ. ಮೇಲಿನವರು ಒಪ್ಪಲಿಲ್ಲ. ರೈತವಾರಿಯನ್ನೇ ತೆಗೆದು ಊರಿಗೆ ಊರನ್ನೇ ಗುತ್ತಿಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದವರು ಎಷ್ಟೋ ಮಂದಿ ಹಾಳಾದರು, ಅವರ ಕೈಕೆಳಗಿನ ರೈತರೂ ಹಾಳಾದರು.

— ಮತ್ತೆ ಇಳಿಸಿದ್ದು?

— 1820ರಲ್ಲಿ. ಅವನು ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ.

— ಹದಿಮೂರು ವರ್ಷ. ಕಾಲು ಭಾಗ ಹೆಚ್ಚು ಎಂದು ಸರ್ಕಾರದ ಕಡತದಲ್ಲೇ ಬರೆದಿದ್ದ ತೆರಿಗೆಯನ್ನು ಕಣೇಕಲ್ಲು, ಅಗಳಿ, ರೊಳ್ಳದ ರೈತರು ಹದಿಮೂರು ವರ್ಷ ಕಟ್ಟಿದರು. ಒಬ್ಬ ಒಳ್ಳೆಯ ಅಧಿಕಾರಿ ಹಡಗು ಹತ್ತಿ ಹೋದ, ಅವನು ದೊಡ್ಡ ಪದವಿಯಲ್ಲಿ ಮರಳುವ ತನಕ ನ್ಯಾಯವೂ ಬರಲಿಲ್ಲ. ಅಮೆರಿಕದವರು ಜಗಳ ತೆಗೆದದ್ದು ಇದಕ್ಕೇ ಅಲ್ಲವೇ ಸರ್? ತೆರಿಗೆ ಹೆಚ್ಚೋ ಕಡಿಮೆಯೋ ಅನ್ನುವುದಕ್ಕಿಂತ ಅವರಿಗೆ ಚುಚ್ಚಿದ್ದು ತಮ್ಮನ್ನು ಕೇಳದೆ ಹಾಕಿದ್ದು. ಇಂಗ್ಲಿಷ್ ಪಾರ್ಲಿಮೆಂಟಿನಲ್ಲಿ ತಮ್ಮವನೊಬ್ಬನೂ ಇಲ್ಲದಿರುವಾಗ ಅದು ತಮ್ಮ ಜೇಬಿಗೆ ಕೈಹಾಕಬಾರದು ಅಂತ. ಇಲ್ಲಿ ನಮ್ಮವರು ಕೂತ ಸಭೆಯೊಂದು ಇದ್ದಿದ್ದರೆ 1807ರ ವರದಿಯನ್ನು ರಾಯದುರ್ಗದ ಯಾವನೋ ಗೌಡ ಮೇಜಿನ ಮೇಲೆ ಬಡಿದು ಕೇಳುತ್ತಿದ್ದ.

— ಈಗ ನನ್ನ ಸರದಿ. ನಿಮ್ಮ ವರ್ಜೀನಿಯದ ಸಭೆಯಲ್ಲಿ ಹೊಗೆಸೊಪ್ಪು ಬೆಳೆದವನು ಇದ್ದನೇ? ಮನ್ರೋನ ಅಪ್ಪನ ಗೋದಾಮು ತುಂಬಿದ್ದು ಯಾರ ಬೆವರಿನಿಂದ? ಆಫ್ರಿಕದಿಂದ ಸರಪಳಿ ಹಾಕಿ ತಂದವರು. ಎಲ್ಲ ಮನುಷ್ಯರೂ ಸಮ ಎಂದು ಬರೆದ ಜೆಫರ್ಸನ್ ಬದುಕಿನುದ್ದಕ್ಕೂ ಆರು ನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. 1787ರ ಸಂವಿಧಾನ ಬರೆಯುವಾಗ ಗುಲಾಮನೊಬ್ಬನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಎಣಿಸಿದರು. ಅದೂ ಅವನ ಒಡೆಯನ ರಾಜ್ಯಕ್ಕೆ ಹೆಚ್ಚು ಸ್ಥಾನ ಸಿಗಲಿ ಅಂತ. ನನ್ನ ಮನ್ರೋ ಯಾರನ್ನೂ ಮಾರಲಿಲ್ಲ.

— ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ, ಹುಡುಕುವುದೂ ತಪ್ಪು. ಅದು ಅವರ ಕ್ರಾಂತಿಯ ಹೊಟ್ಟೆಯೊಳಗೇ ಇದ್ದ ಪಾಪ. ಆದರೆ ಒಬ್ಬ ಹೆಣ್ಣುಮಗಳ ಕತೆ ಕೇಳಿ. ಮ್ಯಾಸಚೂಸೆಟ್ಸ್ ರಾಜ್ಯ 1780ರಲ್ಲಿ ತನ್ನ ಸಂವಿಧಾನ ಬರೆದುಕೊಂಡಿತು, ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಅದರಲ್ಲಿ ಸೇರಿಸಿತು. ಒಂದು ಮನೆಯಲ್ಲಿ ಗುಲಾಮಳಾಗಿದ್ದ ಎಲಿಜಬೆತ್ ಫ್ರೀಮನ್ ಆ ಮಾತು ಕೇಳಿಸಿಕೊಂಡಳು. ಅಕ್ಷರ ಬಾರದವಳು. ನೇರವಾಗಿ ವಕೀಲ ಥಿಯೋಡೋರ್ ಸೆಜ್‌ವಿಕ್ ಹತ್ತಿರ ಹೋಗಿ, ಈ ಕಾನೂನು ನನಗೂ ಸಲ್ಲಬೇಕಲ್ಲವೇ ಎಂದಳು. 1781ರ ಆಗಸ್ಟಿನಲ್ಲಿ ಪಂಚರು ಅವಳನ್ನು ಬಿಡುಗಡೆ ಮಾಡಿದರು. ಕಾರ್ನ್‌ವಾಲಿಸ್ ಶರಣಾಗುವುದಕ್ಕೆ ಎರಡು ತಿಂಗಳು ಮೊದಲು! ನನಗೆ ಆ ಕ್ರಾಂತಿಯ ನಿಜವಾದ ಗೆಲುವು ಯಾರ್ಕ್‌ಟೌನ್ ಅಲ್ಲ, ಇದು. ಬರೆದವರು ಮನಸ್ಸಿನಲ್ಲಿಟ್ಟುಕೊಳ್ಳದವಳು ಬಂದು ಅವರ ಮಾತನ್ನೇ ಹಿಡಿದು ಪಾಲು ಕೇಳಿದಳು. ಬಹಿರಂಗವಾಗಿ ಆಡಿದ ಮಾತಿಗೆ ಅಂಥ ಗುಣ ಇರುತ್ತದೆ. ಅಧಿಕಾರಿಯ ಕರುಣೆಗೆ ಅದಿಲ್ಲ. ಅದನ್ನು ಯಾರೂ ಹಿಡಿದು ಕೇಳಲಾರರು.

— ಹಾಗಾದರೆ ನಮ್ಮ ರೈತ ಏನೂ ಮಾಡದೆ ಕುಳಿತಿದ್ದನೆಂದೇ? ಮನ್ರೋಗೇ ಗೊತ್ತಿತ್ತು, ಕಂದಾಯ ಬಿಗಿಯಾದರೆ ಈ ರೈತ ನೇಗಿಲು ಹೊತ್ತು ಪಕ್ಕದ ಸೀಮೆಗೆ ಹೊರಟುಬಿಡುತ್ತಾನೆ ಎಂದು. ಮಡಕಶಿರದಿಂದ ಹೊರಟರೆ ಪಾವಗಡ, ಸಿರಾ ಎಷ್ಟು ದೂರ? ರಾಯದುರ್ಗದಿಂದ ಮೊಳಕಾಲ್ಮೂರು ಎಷ್ಟು ದೂರ? ದಾಟಿದರೆ ಮೈಸೂರು ಸರ್ಕಾರ. ಗಡಿಯವನಿಗೆ ಕಾಲೇ ಮತ. 1830ರಲ್ಲಿ ಅದೇ ಮೈಸೂರಿನ ನಗರ ಸೀಮೆಯಲ್ಲಿ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದರು. ಕೆನರಾದಲ್ಲೂ ಅದೇ ಕಾಲಕ್ಕೆ ಕೂಟಗಳೆದ್ದವು. ಮನ್ರೋ ಇಲ್ಲಿಗೆ ಬರುವ ಮೊದಲು ಕಲೆಕ್ಟರ್ ಆಗಿದ್ದ ಕೆನರಾ ಅದೇ. ನಗರದ ದಂಗೆ ಎಷ್ಟು ದೊಡ್ಡದಾಯಿತೆಂದರೆ ಮರುವರ್ಷ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಮಹಾರಾಜರ ಕೈಯಿಂದ ಕಿತ್ತುಕೊಂಡರು. ಕೂತು ಮಾತಾಡಿ ಒಟ್ಟಾಗಿ ಬೇಡ ಎನ್ನುವುದನ್ನು ನಮ್ಮವರಿಗೆ ಬಾಸ್ಟನ್ ಕಲಿಸಬೇಕಿರಲಿಲ್ಲ.

— ಕಲಿಸಬೇಕಿರಲಿಲ್ಲ, ಸರಿ. ಆದರೆ ನಗರದ ಕೂಟದ ಸುದ್ದಿ ರಾಯದುರ್ಗದ ಚಾವಡಿಗೆ ಬರುವ ದಾರಿ ಯಾವುದಿತ್ತು? ಅಮೆರಿಕದಲ್ಲಿ ಹದಿಮೂರು ವಸಾಹತು ಒಂದಾದದ್ದು ಅಚ್ಚಿನ ಮೊಳೆಯಿಂದ. ಫ್ರಾಂಕ್ಲಿನ್ ಮೊದಲಿಗೆ ಮುದ್ರಕ, ಆಮೇಲೆ ಮಿಕ್ಕಿದ್ದೆಲ್ಲ. 1765ರಲ್ಲಿ ಪತ್ರಿಕೆಗಳ ಮೇಲೂ ದಸ್ತಾವೇಜುಗಳ ಮೇಲೂ ಸ್ಟಾಂಪ್ ತೆರಿಗೆ ಹಾಕಿದಾಗ ಮೊದಲು ಉರಿದೆದ್ದವರೂ ಮುದ್ರಕರೇ. 1776ರ ಜನವರಿಯಲ್ಲಿ ಪೇನ್‌ನ ‘ಕಾಮನ್ ಸೆನ್ಸ್’ ಹೊರಬಿತ್ತು. ರಾಜ ಬೇಕೇ ಬೇಡವೇ ಎಂದು ಬಡಗಿ ಕಮ್ಮಾರರೂ ಓದಿ ಜಗಳ ಆಡುವ ಹಾಗಾಯಿತು. ಈಗ ನೋಡಿ, 1822ರಲ್ಲಿ ಗವರ್ನರ್ ಮನ್ರೋ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಒಂದು ಟಿಪ್ಪಣಿ ಬರೆದ. ಪತ್ರಿಕೆಯ ಸ್ವಾತಂತ್ರ್ಯವೂ ಪರಕೀಯರ ಆಳ್ವಿಕೆಯೂ ಒಂದೇ ಕಡೆ ಬಾಳಲಾರವು, ಸ್ವತಂತ್ರ ಪತ್ರಿಕೆ ಬಂದರೆ ಇಲ್ಲಿನ ಜನ, ಅದಕ್ಕೂ ಮೊದಲು ಸಿಪಾಯಿಗಳು, ನಮ್ಮನ್ನು ಓಡಿಸುತ್ತಾರೆ ಅನ್ನುವುದು ಅದರ ಸಾರ. ಅಪ್ಪನ ಅಂಗಡಿ ಮುಳುಗಿಸಿದ್ದು ಏನೆಂದು ಆ ಮಗನಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನಗನ್ನಿಸುತ್ತದೆ. ಅದನ್ನು ಇಲ್ಲಿ ಇಳಿಯಲು ಬಿಡಲಿಲ್ಲ.

— ಆ ಟಿಪ್ಪಣಿ ನನಗೂ ನೋವು ಕೊಟ್ಟಿದೆ. ಆದರೆ ಎರಡೇ ವರ್ಷಕ್ಕೆ, 1824ರ ಡಿಸೆಂಬರ್ 31ರಂದು, ಅದೇ ಕೈ ಇನ್ನೊಂದು ಟಿಪ್ಪಣಿ ಬರೆಯಿತು. ದೊಡ್ಡ ಹುದ್ದೆಗಳಿಂದ, ಕಾನೂನು ಮಾಡುವುದರಿಂದ ಈ ದೇಶದವರನ್ನು ಹೊರಗಿಟ್ಟರೆ ಅವರ ಶೀಲವೇ ಕುಗ್ಗುತ್ತದೆ, ಒಂದು ದಿನ ಇವರು ತಮ್ಮನ್ನು ತಾವೇ ಆಳಿಕೊಳ್ಳುವಂತೆ ಸಿದ್ಧಗೊಳಿಸುವುದೇ ನಮ್ಮ ಕೆಲಸ ಎಂದ. ಆ ಕಾಲದಲ್ಲಿ ಇಷ್ಟು ಹೇಳಿದ ಇಂಗ್ಲಿಷ್ ಗವರ್ನರ್ ಇನ್ನೊಬ್ಬನನ್ನು ತೋರಿಸಿ. ಸುಮ್ಮನೆ ಜನ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡಲಿಲ್ಲ. ಮಠದ ಇನಾಮಿನ ವಿಚಾರಣೆಗೆ ಮಂತ್ರಾಲಯಕ್ಕೆ ಹೋದಾಗ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದೆದ್ದು ಬಂದು ಅವನೊಬ್ಬನ ಜೊತೆ ಮಾತಾಡಿದರೆಂಬ ಐತಿಹ್ಯ ಸುಮ್ಮನೆ ಹುಟ್ಟಲಿಲ್ಲ. ಊರಿಗೆ ಮರಳುವ ಮುಂಚೆ ಈ ಜನರನ್ನು ಕೊನೆಯ ಸಲ ನೋಡಬೇಕೆಂದು ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಗುತ್ತಿಯಲ್ಲಿ ಹೂಳಿದರು.

— ಆ ಪ್ರೀತಿ ಸುಳ್ಳಲ್ಲ. ಸಿದ್ಧಗೊಳಿಸುತ್ತೇವೆ ಅಂದನಲ್ಲ, ಎಂದು ಸಿದ್ಧ ಎಂದು ಹೇಳುವವರು ಯಾರು ಅನ್ನುವುದೊಂದೇ ನನ್ನ ತಕರಾರು. ಹೇಮಾವತಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ನೊಳಂಬರ ಶಾಸನ ತೋರಿಸುತ್ತೇನೆ. ಸಾವಿರ ವರ್ಷದ ಹಿಂದೆ ಅದು ಹೆಂಜೇರು, ರಾಜಧಾನಿ. ಕನ್ನಡದಲ್ಲಿ ಬರೆದ ದಾನ, ಸಾಕ್ಷಿ, ಗಡಿ, ಶಾಪ ಎಲ್ಲ ಇವೆ. ಇಷ್ಟು ವ್ಯವಹಾರ ಬಲ್ಲ ಜನ ಇನ್ನೂ ಸಿದ್ಧರಾಗಬೇಕಿತ್ತೇ?

— ನೀವು ಕೇಳುವ ಮತ ಕೊನೆಗೆ ಬಂತು. 1952ರಲ್ಲಿ ಎಲ್ಲರಿಗೂ ಒಂದೇ ಸಲ ಬಂತು, ಗಂಡಸು, ಹೆಂಗಸು, ಹೊಲ ಇದ್ದವ, ಇಲ್ಲದವ. ಅಮೆರಿಕದವರಿಗೆ ಅದಕ್ಕೆ ಎಷ್ಟು ತಲೆಮಾರು ಬೇಕಾಯಿತು. ಆದರೆ ಮರುವರ್ಷವೇ ನಮ್ಮನ್ನು ಹಂಚಿದರು. 1953ರ ಮಾರ್ಚಿನಲ್ಲಿ ಪಾರ್ಲಿಮೆಂಟಿನಲ್ಲಿ ಪ್ರಕಟವಾಯಿತು: ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ತಾಲ್ಲೂಕು ಬಿಟ್ಟು ಉಳಿದವು ಮೈಸೂರಿಗೆ. ಬಳ್ಳಾರಿ ತಾಲ್ಲೂಕಿಗಾದರೂ ನ್ಯಾಯಮೂರ್ತಿ ಮಿಶ್ರಾ ಬಂದು ವಿಚಾರಣೆ ಮಾಡಿದರು. ಅಕ್ಟೋಬರ್ 1ಕ್ಕೆ ನಾವು ಅನಂತಪುರ ಜಿಲ್ಲೆಯವರು. ಮಡಕಶಿರ ಮೊದಲಿಂದಲೂ ಅನಂತಪುರದ್ದೇ, ಜಿಲ್ಲೆಯ ಜೊತೆಗೇ ಹೋಯಿತು. ಈಗ ನೀವು ಸತ್ಯಸಾಯಿ ಜಿಲ್ಲೆ.

— ಅದನ್ನು ನಾನು 1800ಕ್ಕೆ ಹೋಲಿಸುವುದಿಲ್ಲ ಸರ್. ಆ ಪಾರ್ಲಿಮೆಂಟಿನಲ್ಲಿ ಕೂತವರನ್ನು ನಮ್ಮ ಹಿರಿಯರೇ ಆರಿಸಿದ್ದರು. ತೆಲುಗರು ಹೆಚ್ಚಿದ್ದ ಕಡೆ ತೆಲುಗು ರಾಜ್ಯ, ಅದರಲ್ಲಿ ಅನ್ಯಾಯ ಇಲ್ಲ. ನನ್ನ ತರಗತಿಯಲ್ಲೇ ಮನೆಯಲ್ಲಿ ಎರಡೂ ಭಾಷೆ ಆಡುವ ಮಕ್ಕಳಿದ್ದಾರೆ. ಕಡಿಮೆ ಸಂಖ್ಯೆಯವರಾಗಿ ಉಳಿದವರ ಮಾತಿಗೆ ಏನು ಬೆಲೆ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದವರೂ 1787ರಲ್ಲಿ ಇದರ ಮೇಲೇ ತಲೆ ಕೆಡಿಸಿಕೊಂಡರು. ಬಹುಮತವೇ ತುಳಿಯಲು ಹೊರಟರೆ ತಡೆಯುವುದು ಹೇಗೆ ಎಂದು, ಆ ಸಂವಿಧಾನ ರೂಪಿಸಿದವರಲ್ಲೊಬ್ಬನಾದ ಮ್ಯಾಡಿಸನ್ ಪುಟಗಟ್ಟಲೆ ಬರೆದ. 1791ರಲ್ಲಿ ಹಕ್ಕುಗಳ ಪಟ್ಟಿ ಸೇರಿಸಿದರು. ನಮ್ಮ ಸಂವಿಧಾನಕ್ಕೆ 1956ರಲ್ಲಿ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ತಕ್ಕ ಏರ್ಪಾಡು ಮಾಡಬೇಕು ಎಂದು. ಡಿ. ಹಿರೇಹಾಳು, ಬೊಮ್ಮನಹಾಳು, ಅಮರಾಪುರದ ಕನ್ನಡ ಶಾಲೆಗಳು ನಿಂತಿರುವುದು ಅದರ ನೆರಳಲ್ಲಿ.

— ಆ ವಿಧಿ ಓದಲು ಚೆಂದ. ಹುದ್ದೆ ಖಾಲಿ ಬಿದ್ದರೆ ತುಂಬಿಸುವವರು ಯಾರು?

— ಅದಕ್ಕೇ ನನಗೆ ಎಲಿಜಬೆತ್ ಫ್ರೀಮನ್ ಬೇಕಾಗುವುದು. ಬರೆದಿಟ್ಟ ಮಾತನ್ನು ಎತ್ತಿಕೊಂಡು ಹೋಗಿ ಕೇಳಬೇಕು. ಒಬ್ಬ ಒಳ್ಳೆಯ ಅಧಿಕಾರಿ ವರ್ಗವಾಗಿ ಬರಲಿ ಎಂದು ಕಾಯುತ್ತಾ ಕೂತರೆ 1807ರಿಂದ 1820ರ ತನಕ ಕೂತ ಹಾಗೆ. ಕನ್ನಡ ಬಲ್ಲ ಶಿಕ್ಷಕರು ಬೇಕು ಎಂದು ಪಾಲಕರು ಒಂದು ಅರ್ಜಿ ಬರೆಯುತ್ತಿದ್ದಾರೆ. ಹೊಲದ ಕೆಲಸ ಮುಗಿಸಿ ಸಂಜೆ ಬಂದು ಸಹಿ ಹಾಕಿ ಹೋಗುತ್ತಾರೆ, ಹೆಬ್ಬೆಟ್ಟೂ ಇವೆ.

— 350ಎ ಎಂದು ಅದರಲ್ಲಿ ನಮೂದಿಸಿದ್ದೀರಾ?

— ಇಲ್ಲ. ಮಕ್ಕಳಿಗೆ ಕಷ್ಟವಾಗಿದೆ, ದಯವಿಟ್ಟು ಕೃಪೆ ತೋರಬೇಕು ಎಂದು ಬರೆದಿದ್ದಾರೆ.

— ಕೃಪೆ ಎನ್ನುವುದನ್ನು ತೆಗೆಸಿ. ವಿಧಿಯ ಸಂಖ್ಯೆ ಮೊದಲ ಸಾಲಿನಲ್ಲೇ ಬರಲಿ. ಕನ್ನಡದ್ದೊಂದು, ತೆಲುಗಿನದೊಂದು, ಎರಡು ಪ್ರತಿ ಮಾಡಿ, ತೆಲುಗಿನದನ್ನು ನಾನು ಬರೆದುಕೊಡುತ್ತೇನೆ. ಮಂಡಲದ ಕಚೇರಿಯಲ್ಲಿ ಕೊಟ್ಟ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ತಾರೀಖು ಇಲ್ಲದ ಅರ್ಜಿಗೆ ಮುಂದೆ ಯಾರೂ ಉತ್ತರ ಕೊಡುವುದಿಲ್ಲ.